ಶೆಡ್ಡು ಸಿಕ್ಕಿದ ಮೇಲೆ: ಹಳೆಯ ಕಾರ್ಖಾನೆಯನ್ನು ಬಡಾವಣೆಯ ಕಲಾಕೇಂದ್ರ ಮಾಡುವ ಕ್ರಮ

ಕಾರ್ಖಾನೆ ಶೆಡ್ಡು ಬಾಡಿಗೆಗೆ ಸಿಕ್ಕಿತೆಂದರೆ ಹವ್ಯಾಸಿ ರಂಗತಂಡವಾಗಲಿ, ಚಿತ್ರಕಲಾವಿದರ ಗುಂಪಾಗಲಿ ಮೊದಲು ತರುವುದು ಬಣ್ಣದ ಡಬ್ಬ. ಗೋಡೆ ತುಂಬ ಚಿತ್ರ ಬರೆದು ಉದ್ಘಾಟನೆಯೂ ಆಗುತ್ತದೆ. ಸೆಪ್ಟೆಂಬರಿನ ಜೋರು ಮಳೆಗೆ ಆ ಚಿತ್ರ ಗಾರೆಸಮೇತ ಉದುರಿದಾಗ ಎಲ್ಲರೂ ತಲೆಯೆತ್ತಿ ಛಾವಣಿ ನೋಡುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಮೊದಲ ಹಂತದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಛಾವಣಿ, ನೀರು, ವಿದ್ಯುತ್ತು, ಬಾಗಿಲು ಈ ನಾಲ್ಕಕ್ಕೆ ಹೋಗಲಿ. ಆಮೇಲೆ ಸದ್ದು ಮತ್ತು ನೆಲ. ಬಣ್ಣ ಕಟ್ಟಕಡೆಗೆ, ಅದೂ ಬೇಕಿದ್ದರೆ.

ಬೆಂಗಳೂರಿನಲ್ಲಿ ಸಿಗುವ ಹಳೆಯ ಕೈಗಾರಿಕಾ ಕಟ್ಟಡಗಳು ಮುಖ್ಯವಾಗಿ ಎರಡು ಬಗೆ. 1884ರಲ್ಲಿ ಶುರುವಾದ ಬಿನ್ನಿ ಮಿಲ್ಲಿನ ಕಾಲದವು ಇಟ್ಟಿಗೆ, ಸುಣ್ಣದ ಗಾರೆಯವು. ಇವು ಉಳಿದಿರುವುದೇ ಕಡಿಮೆ, ಉಳಿದದ್ದು ಬಡಾವಣೆಯ ಸಂಘದ ಕೈಗೆ ಸಿಗುವುದು ಇನ್ನೂ ಕಡಿಮೆ. ಎರಡನೆಯದು ರಾಜಾಜಿನಗರ, ಪೀಣ್ಯ, ಯಶವಂತಪುರ, ಮಾಗಡಿ ರಸ್ತೆ ಕಡೆಯ ಸಣ್ಣ ಶೆಡ್ಡು: ಸೈಜುಗಲ್ಲಿನ ಗೋಡೆ, ಆ್ಯಂಗಲ್ ಉಕ್ಕಿನ ಟ್ರಸ್ (ಛಾವಣಿ ಹೊರುವ ತ್ರಿಕೋನ ಚೌಕಟ್ಟು), ಮೇಲೆ ಸಿಮೆಂಟ್ ಶೀಟು. ಇಲ್ಲಿ ಹೇಳುವುದು ಹೆಚ್ಚಾಗಿ ಈ ಎರಡನೆಯ ಬಗೆಗೆ. ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ: ಉದ್ದ 30 ಮೀಟರ್, ಅಗಲ 12 ಮೀಟರ್, ಸೂರಿನ ಎತ್ತರ 5 ಮೀಟರ್, ಮೋಡಿನ, ಅಂದರೆ ಛಾವಣಿಯ ನೆತ್ತಿಯ, ಎತ್ತರ 7.5 ಮೀಟರ್. ನೆಲ 360 ಚದರ ಮೀಟರ್, ಅಂದರೆ ಸುಮಾರು 3,900 ಚದರ ಅಡಿ.

ಕೀಲಿ ಪಡೆಯುವ ಮೊದಲು

11 ತಿಂಗಳ ಬಾಡಿಗೆ ಕರಾರಿನ ಮೇಲೆ ಛಾವಣಿ ಬದಲಿಸಬೇಡಿ. ರಿಪೇರಿ ಮುಗಿದು ಕಟ್ಟಡ ಕಳೆಗಟ್ಟುವ ಹೊತ್ತಿಗೆ ಕರಾರು ಮುಗಿದಿರುತ್ತದೆ, ಹೊಸ ಬಾಡಿಗೆ ಆ ಕಳೆಯ ಮೇಲೆ ನಿಗದಿಯಾಗುತ್ತದೆ. ಕನಿಷ್ಠ 5 ವರ್ಷದ ಗುತ್ತಿಗೆ ಮಾಡಿಕೊಳ್ಳಿ. ಒಂದು ವರ್ಷ ಮೀರಿದ ಗುತ್ತಿಗೆಪತ್ರವನ್ನು ನೋಂದಾಯಿಸದಿದ್ದರೆ ನ್ಯಾಯಾಲಯದಲ್ಲಿ ಅದಕ್ಕೆ ಬೆಲೆಯಿಲ್ಲ. ಪತ್ರದಲ್ಲಿ ಮೂರು ಮಾತು ಇರಲೇಬೇಕು. ಛಾವಣಿ ಮತ್ತು ಟ್ರಸ್ಸಿನ ಖರ್ಚು ಯಾರದು. ನೀವು ಹಾಕಿದ ಖರ್ಚು ಬಾಡಿಗೆಯಲ್ಲಿ ಎಷ್ಟು ತಿಂಗಳು ಕಳೆಯುತ್ತದೆ. ಬಿಟ್ಟು ಹೋಗುವಾಗ ದೀಪದ ಚೌಕಟ್ಟು, ನಾಟ್ಯದ ನೆಲ, ಪ್ಯಾನೆಲ್ಲುಗಳನ್ನು ಬಿಚ್ಚಿಕೊಂಡು ಹೋಗುವ ಹಕ್ಕು ನಿಮಗಿದೆಯೇ. ಹಾಗಾಗಿಯೇ ಮುಂದೆ ಹೇಳುವ ಎಲ್ಲವನ್ನೂ ಆದಷ್ಟು ಬೋಲ್ಟಿನಲ್ಲಿ ಕಟ್ಟುವುದು ಒಳ್ಳೆಯದು.

ಶೆಡ್ಡು ಸರ್ಕಾರದ ಕೈಗಾರಿಕಾ ಸಂಸ್ಥೆಗಳಾದ ಕೆಎಸ್‌ಎಸ್‌ಐಡಿಸಿ ಅಥವಾ ಕೆಐಎಡಿಬಿ ಹಂಚಿದ ಜಾಗದಲ್ಲಿದ್ದರೆ ಹಂಚಿಕೆ ಪತ್ರ ಓದದೆ ಮುಂಗಡ ಕೊಡಬೇಡಿ. ಯಾವ ಉದ್ದೇಶಕ್ಕೆ ಕೊಟ್ಟದ್ದು, ಒಳಬಾಡಿಗೆಗೆ ಅನುಮತಿ ಬೇಕೇ ಎಂಬುದು ಅದರಲ್ಲೇ ಇರುತ್ತದೆ. ಮಾಲೀಕರು ‘ಏನೂ ಆಗಲ್ಲ ಬಿಡಿ’ ಅಂದದ್ದು ಲಿಖಿತ ಅನುಮತಿಗೆ ಸಮವಲ್ಲ. ಖಾತಾ, ತೆರಿಗೆ ರಸೀದಿ, ಭೂಬಳಕೆ ವಲಯ ಮೂರನ್ನೂ ನೋಡಿ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿರುವುದರಿಂದ ಕಡತ ಈಗ ಯಾವ ಪಾಲಿಕೆಯಲ್ಲಿದೆ ಎಂದು ಮೊದಲೇ ಖಚಿತ ಮಾಡಿಕೊಂಡರೆ ಓಡಾಟ ಉಳಿಯುತ್ತದೆ. ಗುತ್ತಿಗೆ ವ್ಯಕ್ತಿಯ ಹೆಸರಿನಲ್ಲಿ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಗುತ್ತಿಗೆ, ವಿದ್ಯುತ್ ಮೀಟರು, ಬ್ಯಾಂಕ್ ಖಾತೆ ಮೂರೂ ಆ ಹೆಸರಿನಲ್ಲಿರಲಿ.

ಅಲ್ಲಿ ಏನು ತಯಾರಾಗುತ್ತಿತ್ತು?

ಈ ಪ್ರಶ್ನೆಯನ್ನು ಮಾಲೀಕರಿಗೊಬ್ಬರಿಗೇ ಅಲ್ಲ, ಪಕ್ಕದ ಟೀ ಅಂಗಡಿಯವರಿಗೂ ಕೇಳಿ. ಟೀ ಅಂಗಡಿಯವರ ಉತ್ತರ ಸಾಮಾನ್ಯವಾಗಿ ಪೂರ್ತಿ ಇರುತ್ತದೆ. ಲೇತ್ ಅಂಗಡಿಯಾಗಿದ್ದರೆ ನೆಲ ಎಣ್ಣೆ ಕುಡಿದಿರುತ್ತದೆ, ಅದಕ್ಕೆ ದಾರಿಯಿದೆ. ಎಲೆಕ್ಟ್ರೋಪ್ಲೇಟಿಂಗ್ ಘಟಕವಾಗಿದ್ದರೆ ಯೋಚಿಸಿ. ಕ್ರೋಮಿಯಂ ಲೇಪನದ ತ್ಯಾಜ್ಯ ನೆಲದೊಳಗೆ, ಚರಂಡಿಯ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷ ಕಂಡುಬಂದದ್ದು ಎಲ್ಲರಿಗೂ ತಿಳಿದ ವಿಷಯ. ಹಳದಿ–ಹಸಿರು ಕಲೆಯ ನೆಲ, ಆಸಿಡ್ ತಿಂದ ಗೋಡೆಯ ಬುಡ ಕಂಡರೆ ನಾಲ್ಕು ಕಡೆಯ ಮಣ್ಣು ಮತ್ತು ಬೋರ್‌ವೆಲ್ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು ನೋಡಿ. ವರದಿ ಕೆಟ್ಟದ್ದಾದರೆ ಆ ಜಾಗ ಬಿಡಿ. ಮಕ್ಕಳು ಜೇಡಿಮಣ್ಣು ಕಲಸುವ ಕಡೆ ಇದಕ್ಕೆ ರಾಜಿಯಿಲ್ಲ.

ಮೂಲೆಯಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಬಿದ್ದಿದ್ದರೆ ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಕೆಲವು ಹಳೆಯ ಉಪಕರಣಗಳ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ಇರುವ ಸಾಧ್ಯತೆಯಿದೆ. ಅದನ್ನು ಪರೀಕ್ಷಿಸಿ ಕ್ರಮವಾಗಿ ಸಾಗಿಸುವ ಹೊಣೆಯನ್ನು ಮಾಲೀಕರ ಮೇಲೆ ಗುತ್ತಿಗೆಪತ್ರದಲ್ಲೇ ಬರೆಸಿ. ಪಾರಿವಾಳದ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬಾರದು. ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಕೆರೆದು ತೆಗೆಯಿರಿ. ಟ್ರಸ್ಸಿನ ಹಳೆಯ ಕೆಂಪು ಪ್ರೈಮರಿನಲ್ಲಿ ಸೀಸ ಇರಬಹುದಾದ್ದರಿಂದ ಗ್ರೈಂಡರಿನಲ್ಲಿ ಉಜ್ಜುವ ಬದಲು ಒದ್ದೆ ಮಾಡಿ ಕೈಯಲ್ಲೇ ಕೆರೆಯಬೇಕು.

ಸಿಮೆಂಟ್ ಶೀಟು: ಮುಟ್ಟಬೇಕೇ, ಬಿಡಬೇಕೇ

ಜನ ಸಿಮೆಂಟ್ ಶೀಟು ಅನ್ನುವುದು ಹಳೆಯ ಶೆಡ್ಡುಗಳಲ್ಲಿ ಬಹುಪಾಲು ಕಲ್ನಾರಿನ ಶೀಟು, ಅಂದರೆ ಆಸ್ಬೆಸ್ಟಾಸ್. ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಅದು ಸುಮ್ಮನೆ ಕೂತಿರುತ್ತದೆ. ಕೊರೆದಾಗ, ಕತ್ತರಿಸಿದಾಗ, ಒಡೆದಾಗ ಏಳುವ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ದಶಕಗಳ ನಂತರ ರೋಗವಾಗುತ್ತವೆ. ಆದ್ದರಿಂದ ನಿಯಮ ಸರಳ: ಗಟ್ಟಿ ಇದ್ದರೆ ಮುಚ್ಚಿ, ಪುಡಿಯಾಗುತ್ತಿದ್ದರೆ ತೆಗೆಸಿ, ಎರಡರ ಮಧ್ಯದ ತೇಪೆ ಕೆಲಸ ಮಾಡಬೇಡಿ. ಪಾಚಿ ತೆಗೆಯಲೆಂದು ಪ್ರೆಷರ್ ವಾಷರ್ ಹಿಡಿಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಅದು ಮೇಲ್ಪದರವನ್ನೇ ಕೆತ್ತಿ ಎಳೆಗಳನ್ನು ಅಂಗಳಕ್ಕೆಲ್ಲ ಹರಡುತ್ತದೆ.

ತೆಗೆಸುವುದಾದರೆ ಹೀಗೆ. ಕೆಲಸದ ದಿನ ಒಳಗೆ ಬೇರೆ ಯಾರೂ ಇರಕೂಡದು. ಶೀಟಿಗೆ ಸ್ವಲ್ಪ ಸೋಪು ಬೆರೆಸಿದ ನೀರನ್ನು ಕೈಪಂಪಿನಲ್ಲಿ ಸಿಂಪಡಿಸಿ. ಶೀಟು ಹಿಡಿದಿರುವ ಜೆ-ಹುಕ್ಕುಗಳನ್ನು ಬೋಲ್ಟ್ ಕಟರಿನಲ್ಲಿ ಕತ್ತರಿಸಿ, ಗ್ರೈಂಡರ್ ಬೇಡ. 3 ಮೀಟರಿನ ಒಂದು ಶೀಟು 40 ಕೆ.ಜಿ. ದಾಟುತ್ತದೆ, ಇಬ್ಬರು ಹಿಡಿದು ಹಗ್ಗದಲ್ಲಿ ಇಳಿಸಬೇಕು, ಎಸೆಯಬಾರದು. ಕೆಳಗೆ 200 ಮೈಕ್ರಾನ್ ಪಾಲಿಥೀನಿನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಾಕಿ, ಒಳಗೇನಿದೆ ಎಂದು ಬರೆಯಿರಿ. ಬಟ್ಟೆಯ ಮಾಸ್ಕು ಏನೇನೂ ಸಾಲದು. ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮಾಸ್ಕು ಬೇಕು. ಮೈಮೇಲಿನ ಮೇಲಂಗಿ ಒಂದೇ ಸಲ ಬಳಸುವಂಥದ್ದಿರಲಿ, ಅದನ್ನು ಹಾಕಿಕೊಂಡು ಮನೆಗೆ ಹೋಗುವಂತಿಲ್ಲ. ಕಲ್ನಾರಿನ ತ್ಯಾಜ್ಯಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅನ್ವಯಿಸುತ್ತವೆ. ಖಾಲಿ ಸೈಟಿಗೆ ಸುರಿಯದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ವಿಲೇವಾರಿ ಘಟಕಕ್ಕೇ ಹೋಗಬೇಕು. ಇದರ ಖರ್ಚನ್ನು ಛಾವಣಿಯ ಅಂದಾಜಿನಲ್ಲಿ ಮೊದಲೇ ಸೇರಿಸಿ.

ಎಳೆಗಳ ಅಪಾಯ ನಿಧಾನದ್ದು. ಅದೇ ದಿನ ಪ್ರಾಣ ತೆಗೆಯುವುದು ಬೀಳುವಿಕೆ. ಹಳೆಯ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ಕನಿಷ್ಠ ಮೂರು ಪರ್ಲಿನ್ (ಶೀಟಿನ ಅಡಿಯ ಅಡ್ಡ ಉಕ್ಕು) ಮೇಲೆ ಕೂರುವ 450 ಮಿ.ಮೀ. ಅಗಲದ ಹಲಗೆಯ ಮೇಲೆಯೇ ನಡೆಯಬೇಕು; ಇಡೀ ಮೈಗೆ ಹಾಕುವ ಹಾರ್ನೆಸ್ಸು, ಕೆಳಗೆ ಬಲೆ. ಬೆಳಕಿಗೆಂದು ನಡುವೆ ಹಾಕಿದ ಪ್ಲಾಸ್ಟಿಕ್ ಶೀಟಿಗೆ ಯಾರೋ ಬಣ್ಣ ಬಳಿದಿದ್ದರೆ ಮೇಲಿನಿಂದ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹತ್ತುವ ಮೊದಲು ಕೆಳಗಿನಿಂದ ನೋಡಿ ಅವುಗಳ ಜಾಗ ಗುರುತಿಸಿಡಿ.

ಹೊಸದಾಗಿ 0.5 ಮಿ.ಮೀ. ಉಕ್ಕಿನ ಶೀಟು ಹಾಕಿದರೆ ಚದರ ಮೀಟರಿಗೆ ಸುಮಾರು 5 ಕೆ.ಜಿ. ಹಳೆಯದು 13ರಿಂದ 16 ಕೆ.ಜಿ. ಇತ್ತು. ಹಗುರವಾಯಿತೆಂದು ಖುಷಿಪಡುವಷ್ಟರಲ್ಲಿ ಬೇರೆ ತೊಂದರೆ ಶುರು: ಗಾಳಿ ಈಗ ಛಾವಣಿಯನ್ನು ಮೇಲಕ್ಕೆತ್ತುತ್ತದೆ. ಬೆಂಗಳೂರಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಏಪ್ರಿಲ್–ಮೇ ಸಂಜೆಯ ಗುಡುಗುಗಾಳಿಗೆ ಹಾರುವುದು ಇಂಥ ಹಗುರ ಛಾವಣಿಗಳೇ. ಸೂರು, ಮೋಡು, ಎರಡೂ ಕೊನೆಯ ಅಂಚುಗಳಲ್ಲಿ ಶೀಟಿನ ಪ್ರತಿ ಉಬ್ಬಿಗೂ ಸ್ಕ್ರೂ ಬೀಳಲಿ, ನಡುವೆ ಒಂದು ಬಿಟ್ಟು ಒಂದು ಸಾಕು. ಟ್ರಸ್ಸನ್ನು ಗೋಡೆಗೆ ಹಿಡಿದಿರುವ ಬೋಲ್ಟು ಈ ಎತ್ತುವಿಕೆಗೆ ಸಾಲುತ್ತದೆಯೇ ಎಂದು ಎಂಜಿನಿಯರ್ ಹತ್ತಿರ ಲೆಕ್ಕ ಮಾಡಿಸಿ. ಸ್ಕ್ರೂವಿನ ಕೆಳಗಿನ ರಬ್ಬರ್ ವಾಷರ್ ಚಪ್ಪಟೆಯಾಗಿ ಹೊರಚಾಚುವಷ್ಟು ಬಿಗಿದರೆ ಬಿಸಿಲಿಗೆ ಅದು ಸೀಳುತ್ತದೆ, ಆಮೇಲಿನ ಸೋರಿಕೆಗಳೆಲ್ಲ ಅಲ್ಲಿಂದಲೇ.

ಮಳೆಯ ಲೆಕ್ಕ

ಸಾಧ್ಯವಾದರೆ ಆಗಸ್ಟಿನಲ್ಲಿ ಕೀಲಿ ಪಡೆದು ಅಕ್ಟೋಬರ್ ಮುಗಿಯುವ ತನಕ ಒಳಗೆ ಏನೂ ಕಟ್ಟಬೇಡಿ. ಪ್ರತಿ ಮಳೆಗೂ ಹೋಗಿ ನೀರು ಬಿದ್ದಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ತಾರೀಕು ಬರೆಯಿರಿ. ಎರಡು ತಿಂಗಳಲ್ಲಿ ಆ ನೆಲವೇ ಛಾವಣಿಯ ನಕ್ಷೆಯಾಗುತ್ತದೆ, ಅದಕ್ಕೆ ಯಾವ ಸಲಹೆಗಾರರ ಶುಲ್ಕವೂ ಇಲ್ಲ.

ಹಳೆಯ ಶೆಡ್ಡಿನಲ್ಲಿ ಬದಿಗೆ ಎರಡೇ ಇಳಿಪೈಪು ಇರುವುದು ಮಾಮೂಲು. ಗಂಟೆಗೆ 100 ಮಿ.ಮೀ. ಬಿರುಸಿನ ಮಳೆಗೆ 100 ಮಿ.ಮೀ. ವ್ಯಾಸದ ಒಂದು ಪೈಪು ಸುಮಾರು 40 ಚದರ ಮೀಟರ್ ಛಾವಣಿಗೆ ಸಾಲುತ್ತದೆ ಎಂಬುದು ಕಟ್ಟಡ ಸಂಹಿತೆಯ ಅಳತೆ. ನಮ್ಮ 360 ಚದರ ಮೀಟರಿಗೆ ಬದಿಗೆ ಐದರಂತೆ ಹತ್ತು ಬೇಕು. ಪೈಪು ಕಡಿಮೆಯಾದರೆ ಸೂರಿನ ದೋಣಿ (ಗಟರ್) ತುಂಬಿ ನೀರು ಹೊರಗಲ್ಲ, ಗೋಡೆಯ ಒಳಮುಖಕ್ಕೆ ಇಳಿಯುತ್ತದೆ. ಸೋರುತ್ತಿದೆ ಎಂದು ಶೀಟಿಗೆ ಟಾರು ಬಳಿಯುತ್ತಾ ಇರುತ್ತೀರಿ, ತಪ್ಪು ಇರುವುದು ದೋಣಿಯಲ್ಲಿ.

ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆಯಾಗುವ ಊರಿನಲ್ಲಿ ಈ ಛಾವಣಿಯಿಂದ 3 ಲಕ್ಷ ಲೀಟರಿನಷ್ಟು ನೀರು ಸಿಗುತ್ತದೆ. ಈ ಅಳತೆಯ ನಿವೇಶನಕ್ಕೆ ಜಲಮಂಡಳಿ ಮಳೆನೀರು ಕೊಯ್ಲನ್ನು ಹೇಗೂ ಕಡ್ಡಾಯ ಮಾಡಿದೆ. ಶೌಚಾಲಯ, ಗಿಡ, ಮಣ್ಣು ಕಲಸುವುದಕ್ಕೆ ಸಂಪಿಗೆ ತಿರುಗಿಸಿ. ಕಲ್ನಾರಿನ ಛಾವಣಿ ಉಳಿಸಿಕೊಂಡಿದ್ದರೆ ಆ ನೀರನ್ನು ಕುಡಿಯಲು ಬಳಸಲೇಬೇಡಿ.

ಟ್ರಸ್ಸಿಗೆ ದೀಪ ನೇತುಹಾಕುವ ಮುನ್ನ

ಆ ಟ್ರಸ್ಸು ಲೆಕ್ಕ ಹಾಕಿದ್ದು ಶೀಟು ಹೊರಲು. 200 ವ್ಯಾಟಿನ ಎಲ್‌ಇಡಿ ದೀಪ 12, ಅವನ್ನು ಹಿಡಿಯುವ 9 ಮೀಟರ್ ಕಬ್ಬಿಣದ ಪೈಪು, ಕೇಬಲ್ಲು ಸೇರಿದರೆ ಒಂದು ಸಾಲು 130–150 ಕೆ.ಜಿ. ಕೆಳಗಿನ ಆ್ಯಂಗಲ್ಲಿನ ನಡುಮಧ್ಯಕ್ಕೆ ಇದನ್ನು ಕಟ್ಟಿದರೆ ಎಳೆತ ತಡೆಯಲಷ್ಟೇ ಇರುವ ಆ ತುಂಡು ಬಾಗುತ್ತದೆ. ಓರೆ ಆ್ಯಂಗಲ್ಲುಗಳು ಬಂದು ಸೇರುವ ಗಂಟುಗಳಲ್ಲಿ ಮಾತ್ರ ನೇತುಹಾಕಿ, ಅದೂ ಎಂಜಿನಿಯರ್ ಸಹಿ ಆದ ಮೇಲೆ. ಹಗ್ಗ, ಪ್ಲಾಸ್ಟಿಕ್ ಟೈ ಬೇಡ. ಪ್ರತಿ ದೀಪಕ್ಕೂ ಬೇರೆಯಾಗಿ ಸುರಕ್ಷತಾ ಸರಪಳಿ ಇರಲಿ. ಲೆಕ್ಕ ಸಾಲದಿದ್ದರೆ ನೆಲದಿಂದಲೇ ನಿಲ್ಲುವ ನಾಲ್ಕು ಕಾಲಿನ ಉಕ್ಕಿನ ಚೌಕಟ್ಟು ಮಾಡಿಸಿ. ಸಣ್ಣ ತಂಡಕ್ಕೆ ನಮ್ಮ ಮತ ಇದಕ್ಕೇ, ಗುತ್ತಿಗೆ ಮುಗಿದರೆ ಬಿಚ್ಚಿಕೊಂಡು ಹೋಗಬಹುದು.

ತುಕ್ಕು ಮೊದಲು ತಿನ್ನುವುದು ಟ್ರಸ್ಸಿನ ಎರಡು ತುದಿಗಳನ್ನು, ದೋಣಿಯ ಕೆಳಗೆ. ಅಲ್ಲಿ ಸುತ್ತಿಗೆಯಲ್ಲಿ ತಟ್ಟಿ, ಕ್ಯಾಲಿಪರಿನಲ್ಲಿ ದಪ್ಪ ಅಳೆಯಿರಿ. ಒಳ್ಳೆಯ ಜಾಗದ ದಪ್ಪಕ್ಕಿಂತ ಹತ್ತನೇ ಒಂದು ಭಾಗ ಕಡಿಮೆ ಬಂದರೆ ಬಲಪಡಿಸುವ ಕೆಲಸ ಇದೆ ಎಂದರ್ಥ. ತುಂಬ ಹಳೆಯ ಉಕ್ಕಿನಲ್ಲಿ ಗಂಧಕ ಹೆಚ್ಚಿದ್ದು ಬೆಸುಗೆ ಬಿರಿಯುವುದುಂಟು. ಯಾವ ಕಾಲದ್ದೋ ಗೊತ್ತಿಲ್ಲದಿದ್ದರೆ ವೆಲ್ಡ್ ಬದಲು ಬೋಲ್ಟು ಹಾಕಿ. ಓವರ್‌ಹೆಡ್ ಕ್ರೇನ್ ಇದ್ದರೆ ನೋಡಲು ಚೆಂದ, ಇಟ್ಟುಕೊಳ್ಳಿ. ಆದರೆ ಅದರ ಮೋಟಾರಿನ ಸಂಪರ್ಕ ತೆಗೆದು, ಗಾಲಿಗೆ ತಡೆ ಬೋಲ್ಟು ಹಾಕಿ ಹಳಿಯ ಮೇಲೆ ಕದಲದಂತೆ ಕಟ್ಟಿಬಿಡಿ.

ಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೈಜುಗಲ್ಲಿನ ಗೋಡೆಗೆ ಸಂದು ತುಂಬಿದರೆ ಸಾಕು, ಗಿಲಾವು ಬೇಕಿಲ್ಲ. ಆ ಕಲ್ಲು ಹಾಗೇ ಚೆನ್ನ. ಇಟ್ಟಿಗೆ ಗೋಡೆಯ ಸಂದು ಕೀಲಿಯಿಂದ ಗೀರಿದರೆ ಪುಡಿ ಉದುರುವಂತಿದ್ದರೆ ಅದು ಸುಣ್ಣದ ಗಾರೆ. ಅದರ ಮೇಲೆ ಸಿಮೆಂಟ್ ಬಳಿಯಬೇಡಿ. ಸುಣ್ಣ ಹೊರಬಿಡುವ ತೇವವನ್ನು ಸಿಮೆಂಟ್ ತಡೆಯುತ್ತದೆ, ತೇವ ಒಳಗೇ ನಿಂತು ಇಟ್ಟಿಗೆಯ ಮುಖ ಪದರ ಪದರವಾಗಿ ಏಳುತ್ತದೆ. ಒಂದು ಪಾಲು ಕನಿಷ್ಠ ಎರಡು ವಾರ ನೆನೆದ ಸುಣ್ಣ, ಮೂರು ಪಾಲು ಮರಳು ಮತ್ತು ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿದ ಗಾರೆಯೇ ಸರಿ. ಈ ಕೆಲಸ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ; ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್‌ನ ಬೆಂಗಳೂರು ಶಾಖೆಯಂಥ ಕಡೆ ವಿಚಾರಿಸಿ.

ವಿದ್ಯುತ್ತು

ಪಿಂಗಾಣಿ ಫ್ಯೂಸು, ಮರದ ಪಟ್ಟಿಯೊಳಗಿನ ರಬ್ಬರ್ ವೈರು ಕಂಡರೆ ಪರೀಕ್ಷೆಯೂ ಬೇಡ, ಪೂರ್ತಿ ತೆಗೆಸಿ. ಉಳಿದ ವೈರಿಂಗಿಗೆ 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆ ಪರೀಕ್ಷಿಸುವ ಮೀಟರು) ಹಚ್ಚಿ; 1 ಮೆಗಾಓಮಿಗಿಂತ ಕಡಿಮೆ ಬಂದ ಸಾಲನ್ನು ಬಳಸಬೇಡಿ. ಅಲ್ಯುಮಿನಿಯಂ ವೈರಿಗೆ ತಾಮ್ರದ ವೈರನ್ನು ಬರಿಗೈಯಲ್ಲಿ ತಿರುಚಿ ಸೇರಿಸಿದ ಜೋಡಣೆ ಹಳೆಯ ಶೆಡ್ಡುಗಳಲ್ಲಿ ಹೇರಳ, ಬೆಂಕಿ ಹೊತ್ತುವುದೂ ಅಲ್ಲೇ.

ಹೊರೆಯ ಲೆಕ್ಕ ಹೀಗೆ ಹಾಕಿ:

ವೇದಿಕೆ ದೀಪ, 200 ವ್ಯಾಟಿನ 24: 4.8 ಕಿಲೋವ್ಯಾಟ್
ಧ್ವನಿವ್ಯವಸ್ಥೆ: 3
ವೆಲ್ಡಿಂಗ್: 5
ಮಡಕೆ ಸುಡುವ ವಿದ್ಯುತ್ ಕುಲುಮೆ: 9
ಫ್ಯಾನು, ಕೆಲಸದ ದೀಪ, ಪಂಪು: 4

ಕೂಡಿದರೆ ಸುಮಾರು 26. ಆದರೆ ಅಷ್ಟಕ್ಕೆ ಬೆಸ್ಕಾಂಗೆ ಅರ್ಜಿ ಹಾಕಿದರೆ ಬಳಸಲಿ ಬಿಡಲಿ ಪ್ರತಿ ಕಿಲೋವ್ಯಾಟಿಗೂ ತಿಂಗಳ ನಿಗದಿತ ಶುಲ್ಕ ಕಟ್ಟುತ್ತೀರಿ. ಕುಲುಮೆ ಮತ್ತು ವೆಲ್ಡಿಂಗ್ ಹಗಲು, ನಾಟಕ ಸಂಜೆ ಎಂದು ನಿಯಮ ಮಾಡಿದರೆ ಹಗಲಿನ ಹೊರೆ 18, ಸಂಜೆಯದು 12. ಹಾಗಾಗಿ 18 ಕಿಲೋವ್ಯಾಟಿನ ಮೂರು ಫೇಸ್ ಸಂಪರ್ಕ ಸಾಕು. ನಿಯಮ ಬರೀ ಗೋಡೆಯ ಮೇಲೆ ಇರದೆ ಬೋರ್ಡಿನಲ್ಲೂ ಇರಲಿ: ಕುಲುಮೆಯ ಸಾಲಿಗೆ ಕೀಲಿಯ ಸ್ವಿಚ್ಚು, ವೇದಿಕೆಯ ಸಾಲು ಹತ್ತಿದರೆ ತಾನೇ ಬಿಡುವ ಕಾಂಟ್ಯಾಕ್ಟರ್. ಮೀಟರು ಕೈಗಾರಿಕಾ ದರದಲ್ಲಿದ್ದರೆ ಬಳಕೆ ಬದಲಾದದ್ದನ್ನು ಬೆಸ್ಕಾಂಗೆ ತಿಳಿಸಿ ದರವರ್ಗ ಬದಲಿಸಿಕೊಳ್ಳಿ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಹಿಂದಿನ ಬಾಕಿ, ದಂಡ ಎರಡೂ ಸೇರಿ ಬರುತ್ತವೆ.

ಪ್ರತಿ ಉಪಬೋರ್ಡಿಗೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಕಡ್ಡಾಯ. ಹಾಕಿದ ದಿನದಿಂದಲೇ ಸುಮ್ಮಸುಮ್ಮನೆ ಬೀಳುತ್ತಿದ್ದರೆ ಎರಡು ಸಾಲುಗಳ ನ್ಯೂಟ್ರಲ್ ಬೆರೆತಿರುತ್ತದೆ. ಬಡಗಿ ‘ಇದರ ಕಾಟ’ ಎಂದು ಅದನ್ನು ಬೈಪಾಸ್ ಮಾಡುವ ಮೊದಲು ನ್ಯೂಟ್ರಲ್ ಬೇರ್ಪಡಿಸಿ. ಸ್ಪೀಕರಿನಲ್ಲಿ ಗುಂಯ್ ಸದ್ದು ಬರುವುದು ಹೆಚ್ಚಾಗಿ ದೀಪದ ಡಿಮ್ಮರ್ ಮತ್ತು ಧ್ವನಿ ಒಂದೇ ಫೇಸಿನಲ್ಲಿದ್ದು, ಅರ್ಥಿಂಗ್ ಎರಡು ಕಡೆಯಿಂದ ಬಂದಾಗ. ಫೇಸು ಬೇರೆ ಮಾಡಿ, ಅರ್ಥಿಂಗನ್ನು ಒಂದೇ ಬಿಂದುವಿಗೆ ತನ್ನಿ. ವೈರು, ಬೋರ್ಡಿಗೆ ಬಿವಿಕೆ ಅಯ್ಯಂಗಾರ್ ರಸ್ತೆ, ಧ್ವನಿಯ ಬಿಡಿಭಾಗಗಳಿಗೆ ಎಸ್‌ಪಿ ರಸ್ತೆ; ಬ್ರೇಕರನ್ನು ಮಾತ್ರ ಬಿಲ್ಲಿಲ್ಲದೆ ಕೊಳ್ಳಬೇಡಿ, ನಕಲಿ ಬಹಳ.

ಬಾಗಿಲು, ಬೆಂಕಿ, ಪರವಾನಗಿ

ರೋಲಿಂಗ್ ಶಟರ್ ಎಷ್ಟೇ ಅಗಲವಿರಲಿ, ಅದನ್ನು ತುರ್ತು ದಾರಿ ಎಂದು ಎಣಿಸುವಂತಿಲ್ಲ. ಕರೆಂಟ್ ಹೋದರೆ, ಪಟ್ಟಿ ಸಿಕ್ಕಿಕೊಂಡರೆ ಅದು ಗೋಡೆ. ಶಟರ್ ಉಳಿಸಿಕೊಳ್ಳಿ, ಕಾರ್ಯಕ್ರಮದ ಹೊತ್ತಿನಲ್ಲಿ ಪೂರ್ತಿ ಎತ್ತಿ ಕೊಂಡಿ ಹಾಕಿ, ಅದರ ಒಳಗೆ ಹೊರಕ್ಕೆ ತೆರೆಯುವ ಬಾಗಿಲು ಕೂರಿಸಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಜನ ಸೇರುವ ಕಟ್ಟಡದ ಬಾಗಿಲಿಗೆ ಕನಿಷ್ಠ 2 ಮೀಟರ್ ಅಗಲ, ಯಾವುದೇ ಜಾಗದಿಂದ ಬಾಗಿಲಿಗೆ 30 ಮೀಟರ್ ಮೀರದ ದಾರಿ ಕೇಳುತ್ತದೆ. 30 ಮೀಟರ್ ಉದ್ದದ ಶೆಡ್ಡಿಗೆ ಒಂದೇ ತುದಿಯಲ್ಲಿ ಬಾಗಿಲಿದ್ದರೆ, ಕುರ್ಚಿಗಳ ನಡುವೆ ಸುತ್ತಿ ಬರುವ ಹೊತ್ತಿಗೆ ಅದು ಮೀರಿರುತ್ತದೆ. ಎದುರು ತುದಿಯಲ್ಲಿ ಇನ್ನೊಂದು ಬಾಗಿಲಿಗೆ ಗೋಡೆ ಒಡೆಯಲೇಬೇಕು. ಸೈಜುಗಲ್ಲಿನ ಗೋಡೆಯಲ್ಲಿ ಮೊದಲು ಲಿಂಟಲ್ ಕೂರಿಸಿ ಆಮೇಲೆ ಕೆಳಗಿನ ಕಲ್ಲು ತೆಗೆಯಿರಿ. ಕುರ್ಚಿ ಹಾಕಿದ ಸಭೆಗೆ ತಲೆಗೆ 0.6 ಚದರ ಮೀಟರ್ ಎಂಬ ಲೆಕ್ಕದಲ್ಲಿ 90 ಚದರ ಮೀಟರಿಗೆ 150 ಜನ. ಈ ಶೆಡ್ಡಿಗೆ ಅಷ್ಟೇ ಇಟ್ಟುಕೊಳ್ಳಿ. 15 ಮೀಟರಿಗೊಂದು ಬೆಂಕಿ ಆರಿಸುವ ಎಬಿಸಿ ಪುಡಿಯ ಸಿಲಿಂಡರ್, ಬೋರ್ಡಿನ ಬಳಿ ಕಾರ್ಬನ್ ಡೈಆಕ್ಸೈಡಿನದು, ಬ್ಯಾಟರಿಯ ನಿರ್ಗಮನ ದೀಪ. ಗಾಲಿಕುರ್ಚಿಯ ಇಳಿಜಾರು ದಾರಿ 1:12, ಅಗಲ 1.2 ಮೀಟರ್.

ಟಿಕೆಟ್ ಪ್ರದರ್ಶನ ಮಾಡುವುದಾದರೆ ಪೊಲೀಸರ ಪರವಾನಗಿ ಕ್ರಮ ಇದೆ, ಅಗ್ನಿಶಾಮಕ ಇಲಾಖೆಯ ಅಭಿಪ್ರಾಯವೂ ಬೇಕಾದೀತು. ಬಾಗಿಲಿನ ನಕ್ಷೆ ಅಂತಿಮವಾಗುವ ಮೊದಲೇ ಇಬ್ಬರನ್ನೂ ಕಾಣಿ. ಗೋಡೆ ಒಡೆದ ಮೇಲೆ ಕೇಳಿದರೆ ಎರಡು ಸಲ ಒಡೆಯಬೇಕಾಗುತ್ತದೆ.

ಸದ್ದು: ಒಳಗಿನದು, ಮೇಲಿನದು, ಹೊರಗಿನದು

ಖಾಲಿ ಶೆಡ್ಡಿನಲ್ಲಿ ಚಪ್ಪಾಳೆ ತಟ್ಟಿ ಕೇಳಿ. ನಮ್ಮ ಉದಾಹರಣೆಯ ಗಾತ್ರ 2,250 ಘನ ಮೀಟರ್. ಕಾಂಕ್ರೀಟು, ಕಲ್ಲು, ಶೀಟು ಸೇರಿ ಹೀರುವುದು 48 ಘಟಕದಷ್ಟು (ಒಂದು ಘಟಕವೆಂದರೆ ಒಂದು ಚದರ ಮೀಟರ್ ತೆರೆದ ಕಿಟಕಿ ಹೊರಬಿಡುವಷ್ಟು ಸದ್ದು). ಸೇಬಿನ್ ಸೂತ್ರದಂತೆ 0.161 × 2,250 ÷ 48, ಅಂದರೆ ಅನುರಣನ (ಸದ್ದು ಒಳಗೇ ಸುತ್ತುತ್ತ ಉಳಿಯುವ ಹೊತ್ತು) 7 ಸೆಕೆಂಡ್ ದಾಟುತ್ತದೆ. ಕಿಟಕಿ, ಸಂದುಗಳಿಂದ ಸದ್ದು ಸೋರಿ ನಿಜದಲ್ಲಿ ಕೊಂಚ ಕಡಿಮೆ ಇರಬಹುದು, ಆದರೂ ನಾಟಕದ ಮಾತು ಒಂದಕ್ಷರ ತಿಳಿಯುವುದಿಲ್ಲ. ಮಾತಿಗೆ ಬೇಕಾದ್ದು 1.2 ಸೆಕೆಂಡ್. ಅದಕ್ಕೆ 300 ಘಟಕ ಹೀರಬೇಕು. 150 ಪ್ರೇಕ್ಷಕರು 65–70 ಹೀರುತ್ತಾರೆ. ಉಳಿದ 185ಕ್ಕೆ 50 ಮಿ.ಮೀ. ದಪ್ಪದ ರಾಕ್‌ವುಲ್ (ಕಲ್ಲಿನ ಉಣ್ಣೆಯ ಹಲಗೆ) ಸುಮಾರು 235 ಚದರ ಮೀಟರ್ ಬೇಕು. ಮೊಟ್ಟೆಯ ಟ್ರೇ ಅಂಟಿಸುವುದು ಬರೀ ಶ್ರಮ, ಮೇಲಾಗಿ ಬೆಂಕಿಗೆ ಆಹುತಿ. ತೆಳು ಪರದೆ ಚುರುಕು ಸದ್ದನ್ನಷ್ಟೇ ಹೀರಿ ಮಾತನ್ನು ಇನ್ನಷ್ಟು ಗುಡುಗುಡು ಮಾಡುತ್ತದೆ.

ಈ 235 ಚದರ ಮೀಟರನ್ನು ಗೋಡೆಗೆ ಹಾಕುವ ಬದಲು ಛಾವಣಿಯ ಕೆಳಮೈಗೆ ಹಾಕಿ. ಇಡೀ ಯೋಜನೆಯಲ್ಲಿ ಒಂದೇ ಖರ್ಚಿಗೆ ಮೂರು ಫಲ ಕೊಡುವ ಜಾಗ ಇದೊಂದೇ. ಅನುರಣನ ಇಳಿಯುತ್ತದೆ, ಏಪ್ರಿಲ್ ಮಧ್ಯಾಹ್ನದ ಶಾಖ ಇಳಿಯುತ್ತದೆ, ಶೀಟಿನ ಮೇಲೆ ಮಳೆ ಬಡಿಯುವ ಸದ್ದೂ ತಗ್ಗುತ್ತದೆ. ಇಲ್ಲಿನ ಮಳೆ ಸರಿಯಾಗಿ ಸಂಜೆ ನಾಟಕದ ಹೊತ್ತಿಗೇ ಬರುವುದರಿಂದ ಮೂರನೆಯದು ಸಣ್ಣ ಲಾಭವಲ್ಲ. ಕ್ರಮ: ಪರ್ಲಿನ್‌ಗಳ ಕೆಳಗೆ ಜಿಐ ವೈರ್ ಮೆಶ್ ಬಿಗಿದು, ಅದರ ಮೇಲೆ ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ ಹಲಗೆಯನ್ನು ಕಪ್ಪು ಗಾಜಿನ ನಾರಿನ ಬಟ್ಟೆಯಲ್ಲಿ ಸುತ್ತಿ ಕೂರಿಸಿ. ಶೀಟಿಗೂ ಹಲಗೆಗೂ 50 ಮಿ.ಮೀ. ಗಾಳಿಜಾಗ ಬಿಡಿ, ಅಂಟಿಸಿಬಿಟ್ಟರೆ ಶೀಟಿನ ಕೆಳಗೆ ಇಬ್ಬನಿಗಟ್ಟಿ ಉಣ್ಣೆ ಒದ್ದೆಯಾಗಿ ಜೋತುಬೀಳುತ್ತದೆ. ಭಾರ ಚದರ ಮೀಟರಿಗೆ 4 ಕೆ.ಜಿ. ಒಳಗೆ, ಕಲ್ನಾರು ಇಳಿಸಿ ಉಳಿಸಿದ 8–11 ಕೆ.ಜಿ.ಯಲ್ಲಿ ಇದು ಸಲೀಸಾಗಿ ಕೂರುತ್ತದೆ. ಹಳೆಯ ಶೀಟನ್ನೇ ಉಳಿಸಿಕೊಂಡಿದ್ದರೆ ಮೊದಲು ಎಂಜಿನಿಯರಿಗೆ ತೋರಿಸಿ. ಮಳೆಗಾಲದ ಸೋರಿಕೆ ಪೂರ್ತಿ ನಿಂತಿದೆ ಎಂದು ಖಾತ್ರಿಯಾಗದೆ ಇದನ್ನು ಹಾಕಬೇಡಿ.

ಒಳಗೆ ಸದ್ದು ಹೀರಿದರೆ ಹೊರಗೆ ಹೋಗುವುದು ನಿಲ್ಲುತ್ತದೆ ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಹೊರಸದ್ದನ್ನು ತಡೆಯುವುದು ತೂಕ. ತೆಳು ಉಕ್ಕಿನ ಶೀಟು 20 ಡೆಸಿಬೆಲ್ ಆಸುಪಾಸು ತಡೆದರೆ ಹೆಚ್ಚು. ಒಳಗೆ 95 ಇದ್ದರೆ ಹೊರಗೆ 75. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಆದ್ದರಿಂದ ಒಂದೇ ಶೆಡ್ಡು ಪೀಣ್ಯದಲ್ಲಿದ್ದರೆ ನಿರಾತಂಕ, ರಾಜಾಜಿನಗರದ ಮನೆಗಳ ನಡುವೆ ಇದ್ದರೆ ಪ್ರತಿ ವಾರ ದೂರು. ಮೈಕಿಲ್ಲದ ನಾಟಕ, ಗಮಕ, ಕವಿಗೋಷ್ಠಿಗೆ ತೊಂದರೆಯಿಲ್ಲ. ಡೊಳ್ಳು, ಚೆಂಡೆ, ತಮಟೆಯನ್ನು ಮನೆಗಳ ನಡುವಿನ ಶೆಡ್ಡಿನೊಳಗೆ ಅಭ್ಯಾಸಕ್ಕೆ ತರಬೇಡಿ. ಹೊರಗಿನವರಿಗೂ ಕಾಟ, ಆ ಪ್ರತಿಧ್ವನಿಯಲ್ಲಿ ತಾಳವೂ ಕೆಡುತ್ತದೆ.

ನೆಲ

ಎಣ್ಣೆ ಕುಡಿದ ಕಾಂಕ್ರೀಟಿನ ಮೇಲೆ ಎಪಾಕ್ಸಿ ನಿಲ್ಲುವುದಿಲ್ಲ. ನಾಲ್ಕಾರು ಹನಿ ನೀರು ಹಾಕಿ ನೋಡಿ: ಹೀರದೆ ಮಣಿಯಾಗಿ ನಿಂತರೆ ಎಣ್ಣೆ ಇದೆ. ಡೀಗ್ರೀಸರ್ (ಎಣ್ಣೆ ಬಿಡಿಸುವ ದ್ರಾವಣ) ಹಾಕಿ ತೊಳೆದು, ಯಂತ್ರದಲ್ಲಿ ಕೆರೆದು, ಮತ್ತೆ ಹನಿ ಹಾಕಿ. ಮೂರು ಸಲಕ್ಕೂ ಹೋಗದಿದ್ದರೆ ಬಳಿಯುವ ಯೋಚನೆ ಬಿಟ್ಟು ಮೇಲೆ ಬೇರೆ ನೆಲ ಕೂರಿಸಿ. ಯಂತ್ರದ ಗುಂಡಿಗಳಿಗೆ 6 ಮಿ.ಮೀ. ಚೆಕ್ಕರ್ ಪ್ಲೇಟು, ಅಡಿಯಲ್ಲಿ 500 ಮಿ.ಮೀ.ಗೊಂದು ಆ್ಯಂಗಲ್. ಉಳಿದ ಫೌಂಡೇಶನ್ ಬೋಲ್ಟುಗಳನ್ನು ನೆಲಮಟ್ಟಕ್ಕಿಂತ 10 ಮಿ.ಮೀ. ಕೆಳಗೆ ಕತ್ತರಿಸಿ ಗ್ರೌಟ್ ತುಂಬಿ. ಮಟ್ಟಕ್ಕೆ ಸರಿಯಾಗಿ ಕತ್ತರಿಸಿದರೆ ವರ್ಷದಲ್ಲಿ ಸುತ್ತಲಿನ ಕಾಂಕ್ರೀಟು ಸವೆದು ಬರಿಗಾಲಿಗೆ ತಾಗುತ್ತದೆ.

ಭರತನಾಟ್ಯ, ಯಕ್ಷಗಾನದ ಹೆಜ್ಜೆಗೆ ಬರಿ ಕಾಂಕ್ರೀಟು ಮೊಣಕಾಲಿನ ಶತ್ರು. 8 × 10 ಮೀಟರಿಗೆ ಪುಟಿಯುವ ನೆಲ ಮಾಡಿ: ಕೆಳಗೆ 200 ಮೈಕ್ರಾನ್ ಪಾಲಿಥೀನ್, ಅದರ ಮೇಲೆ 400 ಮಿ.ಮೀ.ಗೊಂದು ರಬ್ಬರ್ ತುಂಡು, ಮೇಲೆ 75 × 50 ಮಿ.ಮೀ. ರೀಪು, ಆಮೇಲೆ ಎರಡು ಪದರ 12 ಮಿ.ಮೀ. ಬಿಡಬ್ಲ್ಯೂಪಿ (ನೀರು ತಡೆಯುವ ದರ್ಜೆಯ) ಪ್ಲೈವುಡ್. ಕೆಳಪದರದ ಸಂದಿನ ಮೇಲೆ ಮೇಲ್ಪದರದ ಸಂದು ಬರಕೂಡದು. ಗೋಡೆಗೂ ನೆಲಕ್ಕೂ 15 ಮಿ.ಮೀ. ಬಿಡದಿದ್ದರೆ ಮಳೆಗಾಲದಲ್ಲಿ ಪ್ಲೈ ಹಿಗ್ಗಿ ನಡುವೆ ಉಬ್ಬುತ್ತದೆ. ಮರ ಇಳಿಸುವ ಮೊದಲು ಗೆದ್ದಲಿನ ಔಷಧಿ ಆಗಿರಬೇಕು. ಹಳೆಯ ಶೆಡ್ಡಿನ ಬಿರುಕುಗಳಲ್ಲಿ ಗೆದ್ದಲು ಮೊದಲೇ ಕಾದಿರುತ್ತದೆ.

ಚಿತ್ರ ತೂಗುಹಾಕುವವರಿಗೆ ಒಂದು ಮಾತು

ಗರಗಸದ ಹಲ್ಲಿನಂತೆ ಉತ್ತರಕ್ಕೆ ಗಾಜಿರುವ ಛಾವಣಿ ಸಿಕ್ಕರೆ ಅದೃಷ್ಟ. ಆದರೆ ಉತ್ತರದ ಬೆಳಕಿನಲ್ಲಿ ನೇರ ಬಿಸಿಲು ಬರುವುದಿಲ್ಲ ಎಂಬುದು ಯುರೋಪಿಗೆ ಬಹುಮಟ್ಟಿಗೆ ಸರಿ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿನ ಶೂನ್ಯ ನೆರಳಿನ ದಿನದಿಂದ ಆಗಸ್ಟ್ 18ರ ತನಕ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಉತ್ತರದ ಗಾಜಿನಿಂದಲೇ ಒಳಬಂದು ಎದುರಿನ ಗೋಡೆಗೆ ಬೀಳುತ್ತದೆ. ಜಲವರ್ಣ, ಕಾಗದದ ಕೃತಿಗಳನ್ನು ಆ ಗೋಡೆಗೆ ಹಾಕಬೇಡಿ, ಅಥವಾ ಗಾಜಿಗೆ ಬಿಳಿ ಹತ್ತಿಬಟ್ಟೆಯ ಪರದೆ ಕಟ್ಟಿ ಆಗಸ್ಟ್ ಕೊನೆಗೆ ತೆಗೆಯಿರಿ. ಉಕ್ಕಿನ ಪೈಪಿನ ಹಳಿಯನ್ನು ಗೋಡೆಯ ಮೇಲ್ಭಾಗದಲ್ಲಿ ಒಂದೇ ಸಲ ಬಿಗಿದುಬಿಟ್ಟರೆ ಪ್ರತಿ ಪ್ರದರ್ಶನಕ್ಕೂ ಕಲ್ಲಿಗೆ ಮೊಳೆ ಹೊಡೆಯುವುದು ತಪ್ಪುತ್ತದೆ.

ಬಳಕೆ ಶುರುವಾದ ಮೇಲೆ

ವೆಲ್ಡಿಂಗ್, ಮರ ಕತ್ತರಿಸುವ ಜಾಗವನ್ನು ನಾಟ್ಯದ ನೆಲದಿಂದ ಗೋಡೆ ಹಾಕಿ ಬೇರೆ ಮಾಡಿ, ಪರದೆ ಸಾಲದು. ಮರದ ಪುಡಿ ದೀಪದ ಬಿಸಿಗೆ ಹೊತ್ತುತ್ತದೆ, ಕಬ್ಬಿಣದ ಚೂರು ಬರಿಗಾಲಿಗೆ ಚುಚ್ಚುತ್ತದೆ. ಹಗಲು ಕರಕುಶಲ, ಸಂಜೆ 6ರಿಂದ 9.30ರ ತನಕ ತಾಲೀಮು, ಸಾಮಾನು ಇಳಿಸಿ ಬಾಗಿಲು ಹಾಕಲು ಅರ್ಧ ಗಂಟೆ: ಈ ವೇಳಾಪಟ್ಟಿಯನ್ನು ಗೇಟಿಗೆ ಅಂಟಿಸಿ, ಬೀದಿಯವರಿಗೆ ಒಂದು ಫೋನ್ ಸಂಖ್ಯೆ ಕೊಡಿ. ಮೊದಲ ಪ್ರದರ್ಶನಕ್ಕೆ ಮುನ್ನ ಅದೇ ಮಟ್ಟದ ಸದ್ದು ಹಾಕಿ ಕಾಂಪೌಂಡಿನ ಹೊರಗೆ, ಹತ್ತಿರದ ಮನೆಯ ಕಿಟಕಿಯ ಮಟ್ಟದಲ್ಲಿ ಮೀಟರಿನಿಂದ ಅಳೆಯಿರಿ. ಫೋನಿನ ಆ್ಯಪ್ ತಗ್ಗಿನ ಸದ್ದನ್ನು ಸರಿಯಾಗಿ ಹಿಡಿಯುವುದಿಲ್ಲ, ದೂರು ಬರುವುದು ಆ ತಗ್ಗಿನ ಸದ್ದಿಗೇ.

ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಆಗಸ್ಟಿನಲ್ಲಿ, ದೋಣಿಯ ಎಲೆ, ಪಾರಿವಾಳದ ಗೂಡು ತೆಗೆಸಿ, ಸಡಿಲಾದ ಸ್ಕ್ರೂ ಬಿಗಿಸಿ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಕೆಲಸ ಯಾರದೆಂದು ಹೆಸರು ಬರೆದಿಡಿ; ‘ಎಲ್ಲರದು’ ಎಂದು ಬರೆದರೆ ಅದನ್ನು ಯಾರೂ ಒತ್ತುವುದಿಲ್ಲ.